ಮೊದಲು ಪಿನ್ ಕೋಡ್ ಹಾಕ್ರಿ, ಆಮೇಲೆ ಸ್ಟಾರ್ ಎಣಿಸ್ರಿ

1/8
ಪರ್ಚೇಸ್ ಮ್ಯಾನೇಜರ್ ನೀವೇ

ನಿಮ್ಮ ಮನ್ಯಾಗ ಹೊಸಾ ಸಾಮಾನು ತರೂ ಮುಂದ ಯಾರನ್ನ ಕೇಳ್ತಾರ? ನಿಮ್ಮನ್ನ. ಅಪ್ಪ ರೊಕ್ಕ ಕೊಡ್ತಾನ, ಅವ್ವ "ನನಗ ಅದರಾಗಿಂದು ತಿಳಿಯಂಗಿಲ್ಲ, ನೀನ ಮೊಬೈಲ್‌ನ್ಯಾಗ ನೋಡಿ ಹೇಳು" ಅಂತಾಳ. ಇಂಡಿ ಇರಲಿ, ಸಿಂದಗಿ ಇರಲಿ, ಮುದ್ದೇಬಿಹಾಳ ಇರಲಿ, ಬಸವನ ಬಾಗೇವಾಡಿ ಇರಲಿ, ಇಪ್ಪತ್ತು ವರ್ಷದ ನಾವೇ ಈಗ ಮನೆಯ ಪರ್ಚೇಸ್ ಮ್ಯಾನೇಜರ್. ಪಗಾರ ಮಾತ್ರ ಇಲ್ಲ.

ಆದ್ರ ಆರಿಸೋದು ಹೆಂಗ? ನಮ್ಮ ಕ್ಲಾಸಿನ್ಯಾಗ ಕೇಳಿ ನೋಡ್ರಿ. ಒಬ್ರು ಸ್ಟಾರ್ ಅಂತಾರ. ಒಬ್ರು ವ್ಯಾಟ್ ಅಂತಾರ. ಇನ್ನೊಬ್ರು ಬೆಂಗಳೂರಿನ ಫ್ಲ್ಯಾಟಿನ್ಯಾಗ ಯಾರೋ ಬಿಳಿ ಟೈಲ್ಸ್ ಮ್ಯಾಲೆ ಅವಲಕ್ಕಿ ಚೆಲ್ಲಿ, ಮಶೀನಿಲೆ ಎಳದು ತೋರಿಸಿದ ರೀಲ್ ಕಳಸ್ತಾರ. ಅವಲಕ್ಕಿ ಎಳಿಯೂದು ದೊಡ್ಡ ಮಾತಲ್ಲರಿ. ಅದನ್ನ ಕೈಲೆ ಆರಿಸಿದ್ರೂ ಆಗ್ತದ.

ಈ ಎಂಟು ಪೋಸ್ಟ್ ವ್ಯಾಕ್ಯೂಮ್ ಕ್ಲೀನರ್ ಬಗ್ಗೆ. ಅದರಾಗೂ ಮೊದಲನೇದು ಕೆಟ್ಟು ಮೂಲ್ಯಾಗ ಕುಂತೈತಿ, ಎರಡನೇದು ತರಬೇಕು ಅನ್ನೋ ಮನೆಗಳ ಬಗ್ಗೆ. ಮೊದಲನೇದನ್ನ ಆಸೆಗೆ ತಂದಿರ್ತೀರಿ, ಇರಲಿ. ಎರಡನೇದನ್ನ ಲೆಕ್ಕ ಹಾಕಿ ತರಬೇಕು.

ನನ್ನ ವಾದ ಒಂದೇ, ಮೊದಲೇ ಹೇಳಿಬಿಡ್ತೀನಿ. ನಮ್ಮ ತಾಲ್ಲೂಕಿನ್ಯಾಗ ಗಟ್ಟಿ ಮಶೀನ್ ಅಂದ್ರ ಕೆಡಲಾರದ ಮಶೀನ್ ಅಲ್ಲ. ಕೆಡಲಾರದ ಮಶೀನ್ ಯಾವ ಕಂಪನಿಯೂ ಮಾಡಿಲ್ಲ. ಕೆಟ್ಟ ಮ್ಯಾಲೆ ನಮ್ಮೂರಾಗ, ಇಲ್ಲಾ ಬಸ್ಸಿಗೆ ಹೋಗಿ ಸಂಜಿಗೆ ತಿರುಗಿ ಬರೂ ಅಳತ್ಯಾಗ, ರಿಪೇರಿ ಆಗೂದೇ ಗಟ್ಟಿ ಮಶೀನ್. ಉಳಿದದ್ದೆಲ್ಲ ಡಬ್ಬಿ ಮ್ಯಾಲಿನ ಬಣ್ಣ.

ಒಪ್ಪಂಗಿಲ್ಲ ಅಂದ್ರ ಕಮೆಂಟ್‌ನ್ಯಾಗ ಬರ್ರಿ. ಆದ್ರ ಎಂಟೂ ಓದಿ ಬರ್ರಿ.

2/8
ಪಿನ್ ಕೋಡ್ ಪರೀಕ್ಷೆ

ನಮ್ಮ ಮನಿ ಮಶೀನ್ ನಿಂತಾಗ ಬಿಲ್ ಇತ್ತು, ವಾರಂಟಿ ಕಾರ್ಡ್ ಇತ್ತು, ವಾರಂಟಿ ಮುಗಿಯಾಕ ಇನ್ನೂ ನಾಲ್ಕು ತಿಂಗಳು ಇತ್ತು. ಅಪ್ಪ ಕಂಪನಿಯ ನಂಬರಿಗೆ ಫೋನ್ ಹಚ್ಚಿದ. ಆ ಕಡೆಯಿಂದ ಭಾಳ ಮರ್ಯಾದಿಲೆ ಪಿನ್ ಕೋಡ್ ಕೇಳಿದ್ರು. ಹೇಳಿದ: 586209. "ಕ್ಷಮಿಸಿ ಸರ್, ಆ ಏರಿಯಾಕ್ಕೆ ನಮ್ಮ ಸರ್ವಿಸ್ ಇಲ್ಲ."

ಅದೇ ಪಿನ್ ಕೋಡಿಗೆ ಅದೇ ಮಶೀನ್ ಮೂರು ದಿನದಾಗ ಡೆಲಿವರಿ ಆಗಿತ್ತು! ಮಾರೂ ಮುಂದ ಇಂಡಿ ಇಂಡಿಯಾದಾಗ ಇರ್ತದ. ರಿಪೇರಿ ಮುಂದ ಇರಂಗಿಲ್ಲ.

ಕಂಪನಿ ಹೆಸರು ಹಾಕಂಗಿಲ್ಲ. ಕಮೆಂಟ್‌ನ್ಯಾಗ ಕೇಳಬ್ಯಾಡ್ರಿ. ಒಂದು ಹೆಸರು ಹಾಕಿದ್ರ ನೀವು ಆ ಒಂದನ್ನ ಬಿಟ್ಟು ಅಂಥದ್ದೇ ಮತ್ತೊಂದು ತರ್ತೀರಿ. ಹೆಸರಿಗಿಂತ ಪರೀಕ್ಷೆ ಕಲಿಯೂದು ಛಲೋ.

ನಮ್ಮ ನಾಲ್ಕು ಊರಿನ ನಂಬರು ಬರಕೊಳ್ರಿ. ಇಂಡಿ 586209. ಸಿಂದಗಿ 586128. ಮುದ್ದೇಬಿಹಾಳ 586212. ಬಸವನ ಬಾಗೇವಾಡಿ 586203. ಖರೀದಿ ಬಟನ್ ಒತ್ತೂಕಿಂತ ಮೊದಲು ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳ್ರಿ: ಈ ಪಿನ್ ಕೋಡಿಗೆ ಯಾರು ಬರ್ತಾರ? ಎಲ್ಲಿಂದ ಬರ್ತಾರ? ಎಷ್ಟು ದಿನದಾಗ ಬರ್ತಾರ? ನಂಬರ್ ಎಲ್ಲಿ ಸಿಗ್ತದ ಅಂತೀರಾ? ಪೊಟ್ಟಣದ ಸಾಮಾನಿನ ಬಗ್ಗೆ 2011ರ ಕಾನೂನು ಮಾಪನ ನಿಯಮಗಳಿವೆ. ಅವುಗಳ ಪ್ರಕಾರ ದೂರು ಹೇಳುವ ವಿಳಾಸ, ಫೋನ್ ನಂಬರ್ ಡಬ್ಬಿ ಮೇಲೆ ಇರಲೇಬೇಕು.

"ಕ್ಯಾರಿ ಇನ್" ಅನ್ನೋ ಶಬ್ದ ಕಂಡ್ರ ಅಲ್ಲೇ ನಿಲ್ರಿ. ಹಂಗಂದ್ರ ಮಶೀನ್ ಹೊತ್ತುಕೊಂಡು ವಿಜಯಪುರಕ್ಕೋ ಸೊಲ್ಲಾಪುರಕ್ಕೋ ನೀವೇ ಹೋಗಬೇಕು, ತರಾಕ ಮತ್ತೊಮ್ಮೆ ಹೋಗಬೇಕು. ಬಸ್ ಚಾರ್ಜು, ಎರಡು ದಿನದ ಕೆಲಸ. ವಾರಂಟಿ ಕಾರ್ಡಿನ್ಯಾಗ ಅದು "ಉಚಿತ" ಅಂತಲೇ ಇರ್ತದ.

3/8
ನಮ್ಮ ಧೂಳ ಬ್ಯಾರೆ

ರೀಲ್ ಮಾಡೋರಿಗೆ ತಿಳಿಯಲಾರದ ಒಂದು ಮಾತು ನಮಗ ಗೊತ್ತೈತಿ. ನಮ್ಮದು ಎರಿ ಭೂಮಿ. ಬಿಳಿಜೋಳದ ರಾಶಿ, ತೊಗರಿ ರಾಶಿ, ಬ್ಯಾಸಿಗಿ ಸುಳಿಗಾಳಿ, ಇವೆಲ್ಲ ಬಾಗಲಾ ಬಡೀದೇ ಒಳಗ ಬರೂ ಮಂದಿ. ಶಹಾಬಾದ ಪರ್ಸಿಯ ಸಂದ್ಯಾಗ, ಗಾದಿಯ ಹೊಲಗ್ಯಾಗ, ಕೌದಿಯ ಮಡಿಕ್ಯಾಗ ಕುಂತುಬಿಡ್ತದ.

ಕಪ್ಪು ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಜೇಡಿಯ ಕಣ ಅಂದರೆ 2 ಮೈಕ್ರಾನಿಗಿಂತ ಸಣ್ಣದು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಇಷ್ಟು ಸಣ್ಣ ಧೂಳು ಫಿಲ್ಟರಿನ ತೂತುಗಳಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ಏನಾಗ್ತದ ನೋಡ್ರಿ. ಮನೆಬಳಕೆಯ ಬಹಳಷ್ಟು ವ್ಯಾಕ್ಯೂಮ್‌ಗಳಲ್ಲಿ ಒಳಗೆ ಎಳೆದುಕೊಂಡ ಗಾಳಿಯೇ ಮೋಟಾರನ್ನು ತಂಪು ಮಾಡುತ್ತದೆ. ಫಿಲ್ಟರ್ ಕಟ್ಟಿತು ಅಂದ್ರ ಗಾಳಿ ಕಡಿಮೆ. ಗಾಳಿ ಕಡಿಮೆ ಆತು ಅಂದ್ರ ಮೋಟಾರ್ ಕಾಯ್ತದ. ಕಾದು ಕಾದು ಒಂದು ದಿನ ಸುಟ್ಟ ವಾಸನಿ. "ಮಶೀನ್ ಹಾಳೈತಿ, ಡೂಪ್ಲಿಕೇಟ್ ಐತಿ" ಅಂತೀವಿ. ಎಷ್ಟೋ ಸಲ ಸತ್ತದ್ದು ಮೋಟಾರ್, ಆದ್ರ ಕೊಂದದ್ದು ಫಿಲ್ಟರ್.

ಅದಕ್ಕ ಹಳೇದು ಯಾಕ ಸತ್ತಿತು ಅಂತ ತಿಳಕೊಳ್ಳದ ಹೊಸದು ತರಬ್ಯಾಡ್ರಿ. ಅದೇ ಕಾರಣ ಹೊಸದನ್ನೂ ತಿಂತದ. ಆರಿಸೂ ಮುಂದ ಇಷ್ಟು ನೋಡ್ರಿ: ಫಿಲ್ಟರ್ ತೊಳೆಯಲು ಬರಬೇಕು. ಎರಡನೇ ಫಿಲ್ಟರ್ ಬಿಡಿಯಾಗಿ ಸಿಗಬೇಕು. ಒಂದು ಒಣಗೂತನಕ ಇನ್ನೊಂದು ಹಾಕಬೇಕಲ್ಲ. ಹಸಿ ಫಿಲ್ಟರ್ ಹಾಕಿದ್ರ ಧೂಳು ಕೆಸರಾಗಿ ಹಿಡಿತದ. ತೊಳೆದು ಮತ್ತೆ ಬಳಸುವ ಬಟ್ಟೆಯ ಚೀಲ ಇದ್ದರ ಇನ್ನೂ ಛಲೋ, ಯಾಕಂದ್ರ ಧೂಳಿನ ಮೊದಲ ಪೆಟ್ಟು ಚೀಲ ತಿಂತದ. ಒಲಿ ಬೂದಿ, ರಂಗೋಲಿ ಪುಡಿ, ಸಿಮೆಂಟ್ ಮಾತ್ರ ಎಳೀಬ್ಯಾಡ್ರಿ. ಅವೂ ದೌಡ ಫಿಲ್ಟರ್ ಕಟ್ಟಿಸ್ತಾವ.

4/8
ಡಬ್ಬಿ ಮ್ಯಾಲಿನ ಅಂಕಿ ಯಾರ ಪರ?

ಅಕೌಂಟ್ಸ್ ಓದೋರು ನಾವು. ಬ್ಯಾಲೆನ್ಸ್ ಶೀಟಿನ ಒಂದೇ ಅಂಕಿ ನೋಡಿ ಕಂಪನಿ ಛಲೋ ಐತಿ ಅನ್ನಂಗಿಲ್ಲ. ಹಂಗಾರ ಡಬ್ಬಿ ಮ್ಯಾಲಿನ ಅಂಕಿಗೆ ಯಾಕ ಮರುಳಾಗಬೇಕು?

ವ್ಯಾಟ್. ಅದು ಮಶೀನ್ ತಿನ್ನೂ ಕರೆಂಟು, ಮಾಡೂ ಕೆಲಸ ಅಲ್ಲ. ಹೆಚ್ಚು ಉಣ್ಣಾಂವ ಹೆಚ್ಚು ದುಡೀತಾನ ಅಂತ ಯಾರು ಹೇಳಿದ್ರು? ಯುರೋಪಿಯನ್ ಒಕ್ಕೂಟ 2014ರ ಸೆಪ್ಟೆಂಬರಿನಿಂದ 1600 ವ್ಯಾಟ್, 2017ರ ಸೆಪ್ಟೆಂಬರಿನಿಂದ 900 ವ್ಯಾಟ್ ಅಂತ ಮನೆಬಳಕೆಯ ವ್ಯಾಕ್ಯೂಮ್‌ಗೆ ಮಿತಿ ಹಾಕಿತು. ಅಲ್ಲಿ ಯಾರ ಮನಿಯೂ ಹೊಲಸಾಗಿ ಉಳಿಯಲಿಲ್ಲ.

ಕಿಲೋಪಾಸ್ಕಲ್. ಇದು ಎಳೆತದ ಅಂಕಿ. ಡಬ್ಬಿ ಮ್ಯಾಲೆ ಹಾಕೂ ಗರಿಷ್ಠ ಅಂಕಿಯನ್ನ ಪೈಪಿನ ಬಾಯಿ ಪೂರ್ತಿ ಮುಚ್ಚಿ ಅಳೀತಾರ. ಆವಾಗ ಗಾಳಿ ಹರಿಯೂದೇ ಇಲ್ಲ. ಗಾಳಿ ಹರಿಲಿಲ್ಲ ಅಂದ್ರ ಕಸ ಬರಂಗಿಲ್ಲ. ಎಳೆತ, ಗಾಳಿ ಎರಡೂ ಕೂಡಿ ಎಷ್ಟು ಕೆಲಸ ಆಗ್ತದ ಅನ್ನೋದಕ್ಕ "ಏರ್ ವ್ಯಾಟ್" ಅಂತಾರ. ಅದನ್ನ ಬರೆದ ಕಂಪನಿ ಇದ್ದರ ಅದಕ್ಕ ಒಂದು ಮಾರ್ಕ್ಸ್ ಹೆಚ್ಚು ಕೊಡ್ರಿ.

ಹೆಪಾ. ಅಮೆರಿಕದ ಅಳತೆಯಲ್ಲಿ ನಿಜವಾದ ಹೆಪಾ ಫಿಲ್ಟರ್ 0.3 ಮೈಕ್ರಾನ್ ಕಣಗಳಲ್ಲಿ 99.97% ಹಿಡಿಯಬೇಕು. "ಹೆಪಾ ಟೈಪ್", "ಹೆಪಾ ಲೈಕ್" ಅಂದ್ರ ಅದಲ್ಲ. ಹುಲಿ ಬಣ್ಣ ಹಚ್ಚಿದ ಬೆಕ್ಕು.

ಸರ್ಕಾರಿ ಮುದ್ರೆ ಇದ್ದರ ಸಾಕು ಅಂತೀರಾ? ಯುರೋಪಿನಲ್ಲೇ ವ್ಯಾಕ್ಯೂಮ್‌ಗಳ ಎನರ್ಜಿ ಲೇಬಲ್ಲನ್ನು 2018ರ ನವೆಂಬರ್ 8ರಂದು ಅಲ್ಲಿನ ಜನರಲ್ ಕೋರ್ಟ್ ರದ್ದು ಮಾಡಿತು. ಕೇಸ್ ಹಾಕಿದ್ದು ಡೈಸನ್ ಕಂಪನಿ. ತಕರಾರು ಏನಂದ್ರ, ಪರೀಕ್ಷೆಯನ್ನು ಧೂಳೇ ಇಲ್ಲದ ಖಾಲಿ ಮಶೀನಿನ ಮೇಲೆ ಮಾಡಿದ್ದರು. ಖಾಲಿ ಎತ್ತಿನಗಾಡಿ ಓಡಿಸಿ ಎತ್ತಿನ ಕಸುವು ಹೇಳಿದಂಗ.

5/8
ಮಿಕ್ಸರ್ ರಿಪೇರಿ ಕಾಕಾನ ಸಾಕ್ಷಿ

ಈಗ ಅಸಲಿ ಪ್ರಶ್ನೆ. ವೈರಿನದೋ, ಬ್ಯಾಟರಿದೋ, ರೋಬೋಟೋ?

ವೈರಿನ ವ್ಯಾಕ್ಯೂಮ್‌ಗಳಲ್ಲಿ ಬಹುಪಾಲಿನ ಮೋಟಾರ್ ಅಡಿಗಿಮನಿ ಮಿಕ್ಸರಿನ ಜಾತಿಯದೇ. ಅದಕ್ಕ ಯುನಿವರ್ಸಲ್ ಮೋಟಾರ್ ಅಂತಾರ. ಅದರಲ್ಲಿ ಕಾರ್ಬನ್ ಬ್ರಷ್ ಇರ್ತಾವ, ತಿರುಗಿ ತಿರುಗಿ ಸವೀತಾವ, ಬದಲಿಸಿದ್ರ ಮತ್ತ ನಡೀತದ. ನಮ್ಮ ನಾಲ್ಕೂ ಊರಿನ ಬಜಾರದಾಗ ಮಿಕ್ಸರ್, ಫ್ಯಾನ್ ರಿಪೇರಿ ಮಾಡೋರು ಅದಾರ. "ಕಾರ್ಬನ್ ಹೋಗೇದ" ಅಂತ ಸಪ್ಪಳ ಕೇಳೇ ಹೇಳ್ತಾರ. ನಮ್ಮ ಮನಿ ಮಶೀನ್ ಕಂಪನಿ ಕೈ ಬಿಟ್ಟಾಗ ಅದನ್ನ ಬಿಚ್ಚಿ ನೋಡಿದ್ದೂ ಅಂಥ ಒಬ್ಬ ಕಾಕಾನೇ. ಕಾರ್ಬನ್ ಹಾಕಿ ಮೋಟಾರ್ ತಿರುಗಿಸಿಬಿಟ್ಟ. ಆದ್ರ ಫಿಲ್ಟರ್ ಆ ಕಂಪನಿಯದೇ ಆಕಾರ, ಎಲ್ಲಿಯೂ ಬಿಡಿ ಸಿಗಲಿಲ್ಲ. ಮಶೀನ್ ಜೀವಂತ ಐತಿ, ಆದ್ರ ಉಸಿರಾಡಾಕ ಮೂಗು ಇಲ್ಲ. ಅದಕ್ಕ ಬಿಡಿಭಾಗದ ಮಾತು ಇಷ್ಟು ಹೇಳಾಕತ್ತೀನಿ.

ಬ್ಯಾಟರಿದು ಹಗುರ, ಛಂದ, ಗಾದಿ ಮ್ಯಾಲೆ ಸರಾಗ ಆಡ್ತದ. ಆದ್ರ ಲಿಥಿಯಂ ಬ್ಯಾಟರಿಗೆ ಸೆಕೆ ಅಂದ್ರ ವೈರಿ. ನಮ್ಮ ಜಿಲ್ಲ್ಯಾಗ ಬ್ಯಾಸಿಗಿಗೆ 40 ಡಿಗ್ರಿ ದಾಟ್ತದ. ವರ್ಷ ಹೋದಂಗ ಅದರ ದಮ್ಮು ಕಡಿಮೆ ಆಗ್ತದ. ಕೇಳಬೇಕಾದ ಪ್ರಶ್ನೆ: ಬ್ಯಾಟರಿ ಕೈಲೆ ತೆಗಿಯಾಕ ಬರ್ತದೋ? ಬಿಡಿ ಮಾರ್ತಾರೋ? ರೇಟ್ ಎಷ್ಟು? ಈ ಮೂರಕ್ಕ ಉತ್ತರ ಇಲ್ಲಂದ್ರ ನೀವು ಮಶೀನ್ ಕೊಳ್ಳಾಕತ್ತಿಲ್ಲ, ಬ್ಯಾಟರಿ ಇರೂತನಕ ಬಾಡಿಗಿಗೆ ತರಾಕತ್ತೀರಿ.

ರೋಬೋಟ್ ಬಗ್ಗೆ ಒಂದೇ ಮಾತು. ನಮ್ಮ ಮನಿ ಹೊಸ್ತಿಲ ನೋಡ್ರಿ, ರೋಬೋಟಿನ ಗಾಲಿ ನೋಡ್ರಿ. ಮುಗೀತು.

ನನ್ನ ಓಟು ವೈರಿಗೆ. ಸ್ಕ್ರೂ ಹಾಕಿ ಜೋಡಿಸಿರಬೇಕು, ಅಂಟು ಹಾಕಿ ಮುಚ್ಚಿರಬಾರದು. ಪೈಪು ಸಾಮಾನ್ಯವಾಗಿ ಸಿಗುವ 32 ಅಥವಾ 35 ಮಿಲಿಮೀಟರ್ ಅಳತೆಯದ್ದಾಗಿರಬೇಕು, ಹರಿದರ ಬ್ಯಾರೆ ಕಂಪನಿಯದೂ ಕೂಡ್ತದ. ನೋಡಾಕ ಡ್ರಮ್ಮಿನಂಗ ಇದ್ದರೂ ಇರಲಿ. ಮಶೀನ್ ಕೊಳ್ಳಾಕತ್ತೀವಿ, ಅಳಿಯನ್ನ ನೋಡಾಕತ್ತಿಲ್ಲ.

6/8
ವರ್ಷಕ್ಕ ಎಷ್ಟು ಬಿತ್ತು?

ಸೇಲ್ ಬಂದ ಕೂಡಲೇ ಎಲ್ಲಾರ ಕಣ್ಣು ಒಂದೇ ಅಂಕಿ ಮ್ಯಾಲೆ: ಖರೀದಿ ರೇಟ್. ಬಿ.ಕಾಂ. ಮಂದಿ, ಕಾಸ್ಟಿಂಗ್ ನೋಟ್ಸ್ ತೆಗಿರಿ. ರೇಟ್ ಬ್ಯಾರೆ, ವೆಚ್ಚ ಬ್ಯಾರೆ.

ಲೆಕ್ಕಕ್ಕ ಎರಡು ಮಶೀನ್ ಇಟ್ಕೊಳ್ಳೋಣ. ಮೊದಲನೇದು 5,000 ರೂಪಾಯಿ, ಬಿಡಿಭಾಗ ಸಿಗಂಗಿಲ್ಲ, ಎರಡು ವರ್ಷಕ್ಕ ಮುಗೀತು. ವರ್ಷಕ್ಕ 2,500. ಎರಡನೇದು 8,000 ರೂಪಾಯಿ. ಏಳು ವರ್ಷದಾಗ ಕಾರ್ಬನ್, ಪೈಪು, ಫಿಲ್ಟರ್ ಅಂತ ಇನ್ನೊಂದು 2,500 ಹಾಕಿದ್ರಿ. ಒಟ್ಟು 10,500. ಏಳರಿಂದ ಭಾಗಿಸ್ರಿ: ವರ್ಷಕ್ಕ 1,500. ಸೋವಿ ಯಾವುದು?

ಈಗ ಹಳೇದನ್ನ ರಿಪೇರಿ ಮಾಡಿಸೂದೋ, ಹೊಸದು ತರೂದೋ? ಹಳೇದಕ್ಕ ಕೊಟ್ಟ ರೊಕ್ಕ ಆಗಿಹೋದ ಖರ್ಚು, ಅದನ್ನ ನೆನಸಿ ಅಳೂದು ಬ್ಯಾಡ. ರಿಪೇರಿ ಖರ್ಚನ್ನ, ರಿಪೇರಿ ಆದ ಮ್ಯಾಲೆ ಅದು ನಡೆಯೂ ವರ್ಷದಿಂದ ಭಾಗಿಸ್ರಿ. 900 ಕೊಟ್ಟು ಎರಡು ವರ್ಷ ನಡೆದರ ವರ್ಷಕ್ಕ 450. ಹೊಸದರ 1,500ಕ್ಕಿಂತ ಕಡಿಮೆ, ರಿಪೇರಿ ಮಾಡಸ್ರಿ. ಹೆಚ್ಚು ಬಿತ್ತು ಅಂದ್ರ ಮಾತ್ರ ಹೊಸದು. "ರಿಪೇರಿಗಿಂತ ಹೊಸದ ಛಲೋ" ಅಂತ ಲೆಕ್ಕ ಹಾಕದ ಹೇಳಾಂವ ನಿಮ್ಮ ದೋಸ್ತ ಅಲ್ಲ, ಅಂಗಡಿಯವನ ದೋಸ್ತ.

ಮೋಟಾರಿನ ಆಯುಷ್ಯಕ್ಕೂ ಒಂದು ಅಳತೆ ಐತಿ. ಯುರೋಪಿನಲ್ಲಿ 2017ರಿಂದ ಮೋಟಾರ್ ಕನಿಷ್ಠ 500 ತಾಸು ಬಾಳಬೇಕು ಅಂತ ನಿಯಮ. ದಿನಾ ಅರ್ಧ ತಾಸು ನಡೆಸಿದ್ರ 500 ತಾಸು ಸಾವಿರ ದಿನಕ್ಕ ಮುಗೀತದ, ಮೂರು ವರ್ಷಕ್ಕೂ ಕಡಿಮೆ. ವಾರಕ್ಕ ಎರಡು ಸಲ ಅರ್ಧರ್ಧ ತಾಸು ನಡೆಸಿದ್ರ ಒಂಬತ್ತು ವರ್ಷ ದಾಟ್ತದ. ಮಶೀನ್ ಅದೇ. ನಡೆಸೂ ಕೈ ಬ್ಯಾರೆ.

ಮತ್ತ "ಸೊನ್ನೆ ಬಡ್ಡಿ ಇ.ಎಂ.ಐ." ಅಂತ ಹಿಗ್ಗಬ್ಯಾಡ್ರಿ. ಸೊನ್ನೆ ಬಡ್ಡಿ ಅನ್ನೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ. ಬಡ್ಡಿ ಎಲ್ಲಿಯೋ ಒಂದು ಕಡೆ ಅಡಗಿರ್ತದ.

7/8
"ಕಸಬರಿಗಿ ಸಾಕಲ್ಲೇನ?"

ಈ ಪ್ರಶ್ನೆ ಡಿ.ಎಂ.ನ್ಯಾಗ ಭಾಳ ಬಂತು. ಕೇಳಿದವರು ಬಹುತೇಕ ಹುಡುಗರು. ನಿಮಗ ಒಂದೇ ಮರುಪ್ರಶ್ನೆ: ನಿಮ್ಮ ಮನ್ಯಾಗ ಕಸಬರಿಗಿ ಯಾರ ಕೈಯಾಗ ಐತಿ?

ನ್ಯಾಯವಾಗಿ ಹೇಳಬೇಕಂದ್ರ, ಮನ್ಯಾಗ ಬರೀ ಪರ್ಸಿ ನೆಲ ಐತಿ, ಸೋಫಾ ಇಲ್ಲ, ದಪ್ಪ ಗಾದಿ ಇಲ್ಲ, ಯಾರಿಗೂ ದಮ್ಮಿನ ತ್ರಾಸ ಇಲ್ಲ ಅಂದ್ರ ಹಸಿ ಅರಬಿಲೆ ಒರೆಸಿದ್ರ ಸಾಕು. ವ್ಯಾಕ್ಯೂಮ್ ತರಲೇಬ್ಯಾಡ್ರಿ, ಆ ರೊಕ್ಕದಾಗ ಪುಸ್ತಕ ತರ್ರಿ. ನಾನು ಯಾವ ಕಂಪನಿ ಪರವೂ ಮಾತಾಡಾಕತ್ತಿಲ್ಲ.

ಆದ್ರ ಮನ್ಯಾಗ ದಮ್ಮಿನ ಅಜ್ಜಿ ಇದ್ದರ? ಒಣ ಕಸಬರಿಗಿ ಸಣ್ಣ ಧೂಳನ್ನ ತೆಗಿಯಂಗಿಲ್ಲ, ನೆಲದಿಂದ ಎಬ್ಬಿಸಿ ಗಾಳಿಗೆ ಬಿಡ್ತದ. ಅದು ಮತ್ತ ಇಳಿಯೂತನಕ ಉಸಿರಾಡಾಕಿ ಅಜ್ಜಿ. ನವರಾತ್ರಿ ಮುಂದ ಕೌದಿ, ಗಾದಿ ಎಲ್ಲಾ ಹೊರಗ ತಂದು ಬಡಿಯೂಕಿ ಅವ್ವ. ಬಗ್ಗಿ ಬಗ್ಗಿ ಸೊಂಟ ಹಿಡಕೊಳ್ಳಾಕಿನೂ ಅಕೀನ.

ಅದಕ್ಕ ಮಶೀನ್ ಕೆಡೂದು ಸಣ್ಣ ಮಾತಲ್ಲ. ಮಶೀನ್ ಮೂಲೀಗೆ ಹೋದ ದಿನ ಕಸಬರಿಗಿ ತಿರುಗಿ ಯಾರ ಕೈಗೆ ಬರ್ತದ? ಅಪ್ಪನ ಕೈಗಲ್ಲ, ನಿಮ್ಮ ಕೈಗೂ ಅಲ್ಲ. ಕಂಪನಿ "ಆ ಪಿನ್ ಕೋಡಿಗೆ ಸರ್ವಿಸ್ ಇಲ್ಲ" ಅಂದಾಗ ಆ ಸರ್ವಿಸ್ ಮಾಡೂಕಿ ಅವ್ವ, ಪಗಾರ ಇಲ್ಲದ. ನೀವು ಸ್ಟಾರ್ ನೋಡಿ ಅವಸರದಾಗ ಆರಿಸಿದ ಮಶೀನಿನ ನಷ್ಟ ನಿಮ್ಮ ಖಾತ್ಯಾಗ ಬರಂಗಿಲ್ಲ, ಅಕಿ ಸೊಂಟದಾಗ ಬರ್ತದ. ಇದನ್ನ ಯಾವ ಲೆಡ್ಜರಿನ್ಯಾಗೂ ಬರಿಯಂಗಿಲ್ಲ. ಬರೀಬೇಕು.

ಇನ್ನೊಂದು ಮಾತು. 1982ರಲ್ಲಿ ಶುರುವಾದ ಯುರೇಕಾ ಫೋರ್ಬ್ಸ್ ವ್ಯಾಕ್ಯೂಮ್ ಕ್ಲೀನರನ್ನು ಮನೆಮನೆಗೆ ಮಾರಾಟಗಾರರನ್ನು ಕಳಿಸಿ, ನೆಲ ಗುಡಿಸಿ ತೋರಿಸಿ ಮಾರಿತು. ಆವಾಗ ಬಾಗಲಿಗೆ ಮನಿಷ್ಯಾ ಬರ್ತಿದ್ದ, ಕೇಳಾಕ ಒಂದು ಮುಖ ಇತ್ತು. ಈಗ ಡಬ್ಬಿ ಬರ್ತದ, ಓಟಿಪಿ ಕೇಳ್ತದ, ಹೋಗ್ತದ. ಮುಖ ಇಲ್ಲದ ವ್ಯಾಪಾರದಾಗ ಪ್ರಶ್ನೆ ಕೇಳೂ ಕೆಲಸ ನಮ್ಮ ಪಾಲಿಗೆ ಬಂದೈತಿ.

8/8
ಕಾನೂನು ನಮ್ಮ ಕೈಯಾಗ ಐತಿ

"ಸಣ್ಣ ಊರು, ನಮ್ಮ ಮಾತು ಯಾರು ಕೇಳ್ತಾರ" ಅಂತ ಹೇಳೋದು ಬಿಡ್ರಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಸೆಕ್ಷನ್ 2(47) ತೆಗೆದು ಓದ್ರಿ. ರಿಪೇರಿ ಮಾಡಿಕೊಡ್ತೀವಿ ಅಂತ ಜನರಿಗೆ ಮಾತು ಕೊಟ್ಟು, ಆ ಮಾತು ನಡೆಯುವ ಸಾಧ್ಯತೆಯೇ ಇಲ್ಲದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. 586209ಕ್ಕ ಮಶೀನ್ ಮಾರಿ, ವಾರಂಟಿ ಕಾರ್ಡ್ ಕೊಟ್ಟು, 586209ಕ್ಕ ಸರ್ವಿಸ್ ಇಲ್ಲ ಅನ್ನೋರನ್ನ ಈ ಸೆಕ್ಷನ್ ಮುಂದ ನಿಲ್ಲಿಸಿ ಕೇಳಬೇಕು.

ಎಲ್ಲಿ ಕೇಳೂದು? ಸೆಕ್ಷನ್ 34ರ ಪ್ರಕಾರ ದೂರುದಾರ ವಾಸ ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮುಂಬೈಗೆ ಹೋಗೂದಿಲ್ಲ, ವಿಜಯಪುರ ಸಾಕು. ಕೊಟ್ಟ ರೊಕ್ಕ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಅವಧಿ ಎರಡು ವರ್ಷ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡ್ರಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆನ್‌ಲೈನ್ ಖರೀದಿ ಆಗಿದ್ದರ 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಕುಂದುಕೊರತೆ ಅಧಿಕಾರಿ 48 ತಾಸಿನೊಳಗ ದೂರು ಸ್ವೀಕರಿಸಿ, ಒಂದು ತಿಂಗಳೊಳಗ ಪರಿಹರಿಸಬೇಕು. ಬಿಲ್ ಮಾತ್ರ ಜ್ವಾಕಿ.

ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು "ರೈಟ್ ಟು ರಿಪೇರ್" ಪೋರ್ಟಲ್ ತೆರೆಯಿತು. ಟ್ರ್ಯಾಕ್ಟರಿನಿಂದ ಮನೆ ಸಾಮಾನಿನವರೆಗೆ ರಿಪೇರಿ ಮಾಹಿತಿ ಒಂದೇ ಕಡೆ ಸಿಗಲಿ ಅಂತ. ಪೋರ್ಟಲ್ ಸಾಲದು. ಫ್ರಾನ್ಸ್ 2021ರಿಂದ ಸಾಮಾನಿನ ಮೇಲೆ "ರಿಪೇರಿ ಅಂಕ" ಹಾಕಿಸಿತು, ಹತ್ತಕ್ಕ ಎಷ್ಟು ಅಂತ. 2022ರ ನವೆಂಬರ್‌ನಲ್ಲಿ ವ್ಯಾಕ್ಯೂಮ್ ಕ್ಲೀನರೂ ಸೇರಿತು. ಬಿಚ್ಚಾಕ ಸರಳ ಐತೋ, ಬಿಡಿಭಾಗ ಸಿಗ್ತದೋ, ಅದರ ರೇಟ್ ಎಷ್ಟು, ಎಲ್ಲಾ ಆ ಅಂಕದಾಗ ಬರ್ತದ. ನಮಗೂ ಅದು ಬೇಕು. ಬರೂತನಕ ಅಂಕ ಹಾಕೋರು ನಾವೇ.

ಹಾಕೂದು ಹಿಂಗ. ಐದು ಪ್ರಶ್ನೆ, ಒಂದಕ್ಕ ಎರಡು ಮಾರ್ಕ್ಸ್:
ಒಂದು, ನನ್ನ ಪಿನ್ ಕೋಡಿಗೆ ಸರ್ವಿಸ್ ಐತೋ?
ಎರಡು, ಫಿಲ್ಟರ್, ಪೈಪು, ಕಾರ್ಬನ್ ಅಥವಾ ಬ್ಯಾಟರಿ ಬಿಡಿ ಸಿಗ್ತಾವೋ, ರೇಟ್ ಎಷ್ಟು?
ಮೂರು, ಸ್ಕ್ರೂ ಬಿಚ್ಚಿ ತೆಗಿಯಾಕ ಬರ್ತದೋ?
ನಾಲ್ಕು, ವಾರಂಟಿ ಇಡೀ ಮಶೀನಿಗೋ, ಬರೀ ಮೋಟಾರಿಗೋ? ಅವರು ಬರ್ತಾರೋ, ನಾವು ಹೋಗಬೇಕೋ?
ಐದು, ಈ ಉತ್ತರಗಳನ್ನ ಅಂಗಡಿಯವರು ಬಿಲ್ಲಿನ ಮ್ಯಾಲೆ ಬರೆದು ಸಹಿ ಮಾಡ್ತಾರೋ?
ಆರಕ್ಕಿಂತ ಕಡಿಮೆ ಬಂದ್ರ ಫೇಲ್. ಗ್ರೇಸ್ ಮಾರ್ಕ್ಸ್ ಇಲ್ಲ.

ಇವತ್ತಿನ ಕೆಲಸ: ನಿಮ್ಮ ಊರಾಗ ವ್ಯಾಕ್ಯೂಮ್, ಮಿಕ್ಸರ್ ಬಿಚ್ಚಿ ರಿಪೇರಿ ಮಾಡೂ ಅಂಗಡಿ ಎಲ್ಲೈತಿ ಅಂತ ಕಮೆಂಟ್‌ನ್ಯಾಗ ಬರೀರಿ. ಊರು ಮತ್ತ ಓಣಿ ಸಾಕು, ಯಾರ ಫೋನ್ ನಂಬರೂ ಹಾಕಬ್ಯಾಡ್ರಿ. ನಾಲ್ಕೂ ಊರಿನ ಪಟ್ಟಿ ಮಾಡಿ ಹೈಲೈಟ್‌ನ್ಯಾಗ ಇಡ್ತೀನಿ. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲ್ಯಾಗ ಐತಿ. ಕಾಯಕದ ಬಗ್ಗೆ ಸ್ಟೇಟಸ್ ಹಾಕೋರು ಭಾಳ ಮಂದಿ ಅದೀವಿ. ಬಜಾರದಾಗ ಸ್ಕ್ರೂಡ್ರೈವರ್ ಹಿಡಕೊಂಡು ಕುಂತವನಿಗೆ ಕೆಲಸ ಕೊಡೋಣ. ಅಂವ ಇದ್ದರ ನಮ್ಮ ಮಶೀನ್ ಇರ್ತದ.

ಸೇವ್ ಮಾಡ್ಕೊಳ್ರಿ. ಸೇಲ್ ಬಂದ ರಾತ್ರಿ ಬೇಕಾಗ್ತದ.

#ಪಿನ್‌ಕೋಡ್‌ಪರೀಕ್ಷೆ #ಇಂಡಿ #ಸಿಂದಗಿ #ಮುದ್ದೇಬಿಹಾಳ #ಬಸವನಬಾಗೇವಾಡಿ #ರಿಪೇರಿನಮ್ಮಹಕ್ಕು